ರೂಟ್ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿದ್ದ ಕಾಲ

2003ರಲ್ಲಿ ನಾನು ಆ ಎಂಜಿನಿಯರಿಂಗ್ ಕಾಲೇಜಿಗೆ ಸಿಸ್ಟಂ ಅಡ್ಮಿನ್ ಆಗಿ ಸೇರಿದಾಗ ಅಲ್ಲಿನ ಸರ್ವರಿನ ರೂಟ್ ಪಾಸ್‌ವರ್ಡ್ ಎಚ್ಓಡಿಯವರಿಗೆ ಗೊತ್ತಿತ್ತು. ಲ್ಯಾಬ್ ಇನ್‌ಸ್ಟ್ರಕ್ಟರುಗಳಿಗೆ ಗೊತ್ತಿತ್ತು. ಪರೀಕ್ಷಾ ವಿಭಾಗದ ಮೇಡಂ ಅದನ್ನು ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡಿದ್ದರು. ಯುಪಿಎಸ್ ಸರ್ವಿಸಿಗೆ ಬರುತ್ತಿದ್ದ ಹುಡುಗನಿಗೂ ಗೊತ್ತಿತ್ತು. ಬ್ಯಾಟರಿ ಬಿಚ್ಚುವ ಮೊದಲು ಸರ್ವರ್ ಶಟ್‌ಡೌನ್ ಮಾಡಬೇಕು, ಅಡ್ಮಿನ್ ರಜೆಯಲ್ಲಿದ್ದರೆ ಏನು ಮಾಡುವುದು ಎಂದು ಯಾರೋ ಹೇಳಿಬಿಟ್ಟಿದ್ದರು.

ಇದನ್ನು ಅಸಡ್ಡೆ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಮಲೆನಾಡಿನ ಅಂಚಿನ ಚಿಕ್ಕ ಊರು, ಒಬ್ಬರ ಮನೆಯ ಗೃಹಪ್ರವೇಶಕ್ಕೆ ಇಡೀ ಡಿಪಾರ್ಟ್‌ಮೆಂಟ್ ಹೋಗಿ ಬರುವಂಥ ಜಾಗ. ಅಂಥಲ್ಲಿ ಪಾಸ್‌ವರ್ಡ್ ಕೇಳಿದವರಿಗೆ ಇಲ್ಲವೆಂದರೆ ‘ನಿಮ್ಮ ಮೇಲೆ ನಂಬಿಕೆಯಿಲ್ಲ’ ಎಂದು ಮುಖಕ್ಕೆ ಹೇಳಿದ ಹಾಗಾಗುತ್ತಿತ್ತು. ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತವರು ಯಾರೂ ಆ ಮಾತು ಹೇಳಲಾರದೆ ಕೊಡುತ್ತಾ ಹೋಗಿದ್ದರು.

ಸರ್ವರ್ ಎಂದರೆ ರೆಡ್ ಹ್ಯಾಟ್ ಲಿನಕ್ಸ್ 9 ಹಾಕಿದ್ದ ಒಂದು ದೊಡ್ಡ ಪೆಟ್ಟಿಗೆ. ಲ್ಯಾಬಿನ ವಿಂಡೋಸ್ 98 ಮಷೀನುಗಳಿಂದ ಮಕ್ಕಳು ಅದಕ್ಕೆ ಲಾಗಿನ್ ಆಗಿ ಸಿ ಪ್ರೋಗ್ರಾಂ ಬರೆಯುತ್ತಿದ್ದರು. ಆಫೀಸಿನವರಿಗೂ ಪರೀಕ್ಷಾ ವಿಭಾಗಕ್ಕೂ ಅದರಲ್ಲೇ ಸಾಂಬಾ ಮೂಲಕ ಹಂಚಿಕೊಂಡ ಫೋಲ್ಡರುಗಳಿದ್ದವು. ಟೈಂಟೇಬಲ್, ಫೀಸ್ ಪಟ್ಟಿ, ಹಾಲ್ ಟಿಕೆಟ್ ವಿವರ, ಇಂಟರ್ನಲ್ ಮಾರ್ಕ್ಸ್ ಎಲ್ಲವೂ ಒಂದೇ ಡಿಸ್ಕಿನ ಮೇಲೆ. ಬಹುಪಾಲು ಫೋಲ್ಡರುಗಳಿಗೆ 777 ಪರ್ಮಿಷನ್. ಅಂದರೆ ಒಡೆಯ, ಗುಂಪಿನವರು, ಹೊರಗಿನವರು ಎಂಬ ಭೇದವಿಲ್ಲದೆ ಯಾರು ಬೇಕಾದರೂ ಓದಬಹುದು, ಬರೆಯಬಹುದು, ಅಳಿಸಬಹುದು. ಯಾವುದೋ ಕಡತ ತೆರೆಯುತ್ತಿಲ್ಲ ಎಂದು ಯಾರಾದರೂ ಗೊಣಗಿದ ದಿನ 777 ಹೊಡೆದು ಕೈತೊಳೆದುಕೊಂಡಿದ್ದರ ಫಲ ಅದು. ಇನ್ನು ರೂಟ್ ಆಗಿ ಒಳಗೆ ಹೋದವರಿಗಂತೂ ಆ ಅಂಕೆಗಳೂ ಲೆಕ್ಕಕ್ಕಿಲ್ಲ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ರೂಟ್ ಎಂಬ ಬಳಕೆದಾರನಿಗೆ ಕಡತಗಳ ಅನುಮತಿ ಪರೀಕ್ಷೆಯೇ ಅನ್ವಯಿಸುವುದಿಲ್ಲ.

ನಾನು ಸೇರಿದ ಮೊದಲ ವರ್ಷದಲ್ಲೇ ಅದು ಆಯಿತು. ವಿಟಿಯು ಪದ್ಧತಿಯಲ್ಲಿ ಆಗ ಪ್ರತಿ ವಿಷಯಕ್ಕೆ 25 ಇಂಟರ್ನಲ್ ಅಂಕ. ಟೆಸ್ಟ್ ಬರೆಸಿ, ಬ್ಲೂ ಬುಕ್ ತಿದ್ದಿ, ಅಂಕಗಳನ್ನು ಸ್ಪ್ರೆಡ್‌ಶೀಟಿಗೆ ಏರಿಸಿ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು. ಕಳಿಸುವ ಹಿಂದಿನ ದಿನ ಒಬ್ಬ ಲೆಕ್ಚರರ್ ಸುಮ್ಮನೆ ಒಮ್ಮೆ ಬ್ಲೂ ಬುಕ್ ಜೊತೆ ತಾಳೆ ನೋಡಿದರು. ಅವರು 11 ಕೊಟ್ಟಿದ್ದ ಹುಡುಗನ ಎದುರಿಗೆ 19 ಇತ್ತು. ಇನ್ನಿಬ್ಬರ ಅಂಕವೂ ಹಾಗೇ ಏರಿತ್ತು.

ಕಡತವನ್ನು ಕೊನೆಯ ಸಲ ತಿದ್ದಿದ ಹೊತ್ತು ಸಿಕ್ಕಿತು: ಸಂಜೆ, ಲ್ಯಾಬ್ ಮುಚ್ಚುವ ವೇಳೆ. ಲಾಗ್ ತೆಗೆದು ನೋಡಿದರೆ ಆ ಹೊತ್ತಿಗೆ ಲಾಗಿನ್ ಆಗಿದ್ದದ್ದು ರೂಟ್. ಪಕ್ಕದಲ್ಲಿ ಲ್ಯಾಬಿನ ಒಂದು ಮಷೀನಿನ ಐಪಿ ವಿಳಾಸ. ಆ ಮಷೀನಿನ ಮುಂದೆ ಯಾರು ಬೇಕಾದರೂ ಕೂರಬಹುದಿತ್ತು, ರೂಟ್ ಪಾಸ್‌ವರ್ಡ್ ಇಡೀ ಕಟ್ಟಡಕ್ಕೆ ಗೊತ್ತಿತ್ತು. ಮುಂದಕ್ಕೆ ದಾರಿಯೇ ಇರಲಿಲ್ಲ.

ದಾರಿ ಇಲ್ಲದ ಕಡೆ ಅನುಮಾನ ಹೋಗಿ ನಿಲ್ಲುವುದು ಎಲ್ಲರಿಗಿಂತ ಕೆಳಗಿನವರ ಮೇಲೆ. ಲ್ಯಾಬಿನಲ್ಲಿ ಡಿಪ್ಲೊಮಾ ಮುಗಿಸಿ ಬಂದಿದ್ದ ಒಬ್ಬ ಇನ್‌ಸ್ಟ್ರಕ್ಟರ್ ಇದ್ದರು, ತಾತ್ಕಾಲಿಕ ನೇಮಕ. ಬಸ್ ತಡವಾಗಿ ಇರುತ್ತಿದ್ದುದರಿಂದ ಸಂಜೆ ಕೊನೆಯವರೆಗೂ ಲ್ಯಾಬಿನಲ್ಲೇ ಇರುತ್ತಿದ್ದರು. ವಿಚಾರಣೆಯ ದಿನ ಅವರು ನನ್ನ ಕೋಣೆಗೆ ಬಂದು ಬಾಗಿಲ ಹತ್ತಿರವೇ ನಿಂತು ಕೇಳಿದರು: ‘ಸರ್, ನಾನಲ್ಲ ಅಂತ ಹೇಗೆ ತೋರಿಸ್ಲಿ? ಏನಾದ್ರೂ ತೆಗೆದುಕೊಡಿ ಸರ್, ಲಾಗೋ ಏನೋ.’ ತೆಗೆದುಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ರೂಟ್ ಎಂದು ಬರೆದಿದ್ದ ಜಾಗದಲ್ಲಿ ಅವರೂ ಇರಬಹುದಿತ್ತು, ಪ್ರಿನ್ಸಿಪಾಲರೂ ಇರಬಹುದಿತ್ತು, ನಾನೂ ಇರಬಹುದಿತ್ತು. ಅವರ ಮೇಲೆ ಏನೂ ಸಾಬೀತಾಗಲಿಲ್ಲ. ಸೆಮಿಸ್ಟರ್ ಮುಗಿದಾಗ ಅವರ ನೇಮಕ ಮಾತ್ರ ಮುಂದುವರಿಯಲಿಲ್ಲ.

ನನ್ನ ವೃತ್ತಿಯಲ್ಲಿ ನಾನು ಏನಾದರೂ ಗಟ್ಟಿಯಾಗಿ ನಂಬಿದ್ದರೆ ಆ ನಂಬಿಕೆ ಹುಟ್ಟಿದ್ದು ಅಲ್ಲಿ. ಸರ್ವರಿನಲ್ಲಿ ಯಾರಿಗೆ ಎಷ್ಟು ಅನುಮತಿ ಎಂದು ಗೆರೆ ಎಳೆಯುವುದು ಕಳ್ಳರನ್ನು ತಡೆಯಲಿಕ್ಕೆ ಎಂದು ಪುಸ್ತಕ ಓದಿ ತಿಳಿದಿದ್ದೆ. ಕಳ್ಳತನ ಮಾಡದವರಿಗೆ ಅದು ಎಷ್ಟು ದೊಡ್ಡ ಆಸರೆ ಎಂಬುದು ಆ ಇನ್‌ಸ್ಟ್ರಕ್ಟರ್ ಬಾಗಿಲಲ್ಲಿ ನಿಂತಾಗ ಗೊತ್ತಾಯಿತು. ಆ ಫೋಲ್ಡರ್ ಅವರಿಗೆ ತೆರೆಯುವುದೇ ಇಲ್ಲ ಎಂದು ತೋರಿಸಲು ಸಾಧ್ಯವಾಗಿದ್ದರೆ ಅವರನ್ನು ಯಾರೂ ವಿಚಾರಣೆಗೆ ಕರೆಯುತ್ತಲೇ ಇರಲಿಲ್ಲ.

ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿ ಬರೆದ, ಕಂಪ್ಯೂಟರಿನಲ್ಲಿ ಮಾಹಿತಿಯ ರಕ್ಷಣೆ ಕುರಿತ ಪ್ರಬಂಧವನ್ನು ನಾನು ಓದಿದ್ದು ಆಮೇಲೆ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಅದಕ್ಕಿಂತ ಹೆಚ್ಚಿಲ್ಲ ಎಂಬ ಸೂತ್ರವನ್ನು ಎಲ್ಲರೂ ಅಲ್ಲಿಂದಲೇ ಎತ್ತಿ ಹೇಳುತ್ತಾರೆ. ಆದರೆ ಅದರ ಜೊತೆಯಲ್ಲೇ ಅವರು ಇನ್ನೊಂದು ಕಾರಣ ಕೊಡುತ್ತಾರೆ, ಅದನ್ನು ಎತ್ತಿ ಹೇಳುವವರು ಕಡಿಮೆ: ಅಧಿಕಾರ ದುರುಪಯೋಗವಾಯಿತೇ ಎಂಬ ಪ್ರಶ್ನೆ ಎದ್ದಾಗ ತಪಾಸಣೆ ಮಾಡಬೇಕಾದ ಪ್ರೋಗ್ರಾಂಗಳ ಸಂಖ್ಯೆ ಕಡಿಮೆಯಾಗುತ್ತದೆ. ಅವರು ಹೇಳಿದ್ದು ಪ್ರೋಗ್ರಾಂಗಳ ಬಗ್ಗೆ. ನಾನು ಮನುಷ್ಯರನ್ನು ನೆನೆದು ಓದಿದೆ.

ಹಂಚಿಕೊಂಡ ಲಾಗಿನ್ ಎಂಬ ಕಾಯಿಲೆ ಕಂಪ್ಯೂಟರಿನಷ್ಟೇ ಹಳೆಯದು. 1960ರ ದಶಕದಲ್ಲಿ ಎಂಐಟಿಯ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಲಾಗಿನ್ ಆದವರಿಗೆಲ್ಲ ದಿನದ ಸಂದೇಶದ ಬದಲು ಎಲ್ಲ ಬಳಕೆದಾರರ ಪಾಸ್‌ವರ್ಡ್ ಪಟ್ಟಿಯೇ ಅಚ್ಚಾಗಿ ಬಂದಿತ್ತು. ಎಡಿಟರ್ ಒಂದು ಡೈರೆಕ್ಟರಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಇರುತ್ತಾರೆ ಎಂದು ನಂಬಿ ತಾತ್ಕಾಲಿಕ ಕಡತಕ್ಕೆ ಒಂದೇ ಹೆಸರಿಡುತ್ತಿತ್ತು. ನಿರ್ವಾಹಕರು ಅದೇ ಡೈರೆಕ್ಟರಿಯಲ್ಲಿ ಒಟ್ಟಿಗೆ ಕೆಲಸ ಮಾಡಿದಾಗ ಎರಡು ಕಡತಗಳು ಅದಲುಬದಲಾದವು. ಆ ವ್ಯವಸ್ಥೆ ಕಟ್ಟಿದ ಫರ್ನಾಂಡೊ ಕೊರ್ಬಾಟೊ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ತಾವೇ ಹೇಳಿದ್ದಾರೆ.

ಮುಂದಿನ ಬೇಸಿಗೆ ರಜೆಯಲ್ಲಿ ಸರ್ವರನ್ನು ಬುಡದಿಂದ ಹೊಂದಿಸಲು ಪ್ರಿನ್ಸಿಪಾಲರಿಂದ ಒಪ್ಪಿಗೆ ಪಡೆದೆ. ಮೊದಲು ಮಾಡಿದ್ದು ಕಂಪ್ಯೂಟರ್ ಮುಟ್ಟದೆ ಮಾಡುವ ಕೆಲಸ. ಒಂದು ಲಾಂಗ್ ನೋಟ್‌ಬುಕ್ ಹಿಡಿದು ಕೋಣೆ ಕೋಣೆಗೆ ಹೋಗಿ, ನೀವು ಸರ್ವರಿನಲ್ಲಿ ಏನೇನು ಮಾಡುತ್ತೀರಿ ಎಂದು ಕೇಳಿ ಬರೆದುಕೊಂಡೆ. ಏನೇನು ಬೇಕು ಎಂದು ಕೇಳಲಿಲ್ಲ. ಬೇಕು ಎಂದು ಕೇಳಿದರೆ ಎಲ್ಲರೂ ‘ಫುಲ್ ಆಕ್ಸೆಸ್’ ಎನ್ನುತ್ತಾರೆ. ಮಾಡುತ್ತೀರಿ ಎಂದು ಕೇಳಿದರೆ ಅರ್ಧ ಪುಟದಲ್ಲಿ ಮುಗಿಯುತ್ತದೆ.

ಆ ನೋಟ್‌ಬುಕ್ಕಿನಿಂದ ಗ್ರೂಪುಗಳು ಹುಟ್ಟಿದವು. ಹುದ್ದೆಯ ಹೆಸರಿನಲ್ಲಾಗಲಿ ವ್ಯಕ್ತಿಯ ಹೆಸರಿನಲ್ಲಾಗಲಿ ಒಂದೂ ಗ್ರೂಪ್ ಮಾಡಲಿಲ್ಲ. ಎಚ್ಓಡಿಗಳು, ಲೆಕ್ಚರರುಗಳು, ಆಫೀಸಿನವರು ಎಂದು ವಿಂಗಡಿಸುವುದು ಸುಲಭ, ಆದರೆ ಅದು ಕಾಲೇಜಿನ ಏಣಿಯನ್ನು ಹಾಗೇ ತಂದು ಸರ್ವರಿನೊಳಗೆ ನಿಲ್ಲಿಸುತ್ತದೆ. ಮಾರ್ಕ್ಸ್ ಏರಿಸುವುದು, ಮಾರ್ಕ್ಸ್ ನೋಡುವುದು, ಫೀಸ್ ಪಟ್ಟಿ ತಿದ್ದುವುದು, ವಿದ್ಯಾರ್ಥಿಗಳ ಲಾಗಿನ್ ಸೃಷ್ಟಿಸುವುದು, ಬ್ಯಾಕಪ್ ತೆಗೆಯುವುದು: ಹೀಗೆ ಕೆಲಸಕ್ಕೊಂದು ಗ್ರೂಪ್. ಅಮೆರಿಕದ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲೇ ಇದಕ್ಕೊಂದು ಶಾಸ್ತ್ರೀಯ ರೂಪ ಕೊಟ್ಟಿದ್ದರು. ನನಗೆ ಅದನ್ನು ಕಲಿಸಿದ್ದು ಆ ನೋಟ್‌ಬುಕ್.

ಮಾರ್ಕ್ಸ್ ಫೋಲ್ಡರನ್ನು ಹೇಗೆ ಕಟ್ಟಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದರ ಅಂದ ಇರುವುದೇ ಆ ಸಣ್ಣ ಅಂಕೆಗಳಲ್ಲಿ. ಅದಕ್ಕೆ ಕೊಟ್ಟ ಪರ್ಮಿಷನ್ 2770. ಕೊನೆಯ ಸೊನ್ನೆ ಎಂದರೆ ಹೊರಗಿನವರಿಗೆ ಏನೂ ಇಲ್ಲ, ಒಳಗೆ ಏನಿದೆ ಎಂದು ಇಣುಕುವ ಹಾಗೂ ಇಲ್ಲ. ನಡುವಿನ ಎರಡು ಏಳುಗಳು ಒಡೆಯನಿಗೂ ಗುಂಪಿಗೂ ಪೂರ್ತಿ ಅನುಮತಿ ಕೊಡುತ್ತವೆ. ಮುಂದಿನ 2 ಬಹಳ ಜನ ಮರೆಯುವ ಅಂಕೆ. ಅದು ಇಲ್ಲದಿದ್ದರೆ ಒಬ್ಬ ಲೆಕ್ಚರರ್ ಅಲ್ಲಿ ಹೊಸ ಕಡತ ಮಾಡಿದಾಗ ಅದು ಅವರ ಸ್ವಂತ ಗ್ರೂಪಿಗೆ ಸೇರಿ, ಪಕ್ಕದ ಕುರ್ಚಿಯವರಿಗೆ ತೆರೆಯುವುದಿಲ್ಲ. ಅವರು ಬಂದು ದೂರುತ್ತಾರೆ, ಅಡ್ಮಿನ್ ಬೇಸತ್ತು 777 ಹೊಡೆಯುತ್ತಾನೆ. ಆ 2 ಇದ್ದರೆ ಫೋಲ್ಡರಿನಲ್ಲಿ ಹುಟ್ಟುವ ಪ್ರತಿ ಕಡತವೂ ಫೋಲ್ಡರಿನ ಗ್ರೂಪನ್ನೇ ಪಡೆಯುತ್ತದೆ. ಇದಕ್ಕೆ ಯುಮಾಸ್ಕ್ 002 ಜೊತೆಯಾಗಬೇಕು, ಇಲ್ಲದಿದ್ದರೆ ಗುಂಪಿನವರು ಓದಬಹುದೇ ಹೊರತು ಬರೆಯಲಾಗುವುದಿಲ್ಲ. ಇಷ್ಟನ್ನು ಸರಿಯಾಗಿ ಕೂರಿಸಿದ ಮೇಲೆ ಎಷ್ಟೋ ಕಾಲ ಆ ಫೋಲ್ಡರಿನ ಬಗ್ಗೆ ಒಂದು ದೂರೂ ಬರಲಿಲ್ಲ.

ಮನುಷ್ಯರನ್ನು ಒಪ್ಪಿಸುವುದು ಅಷ್ಟು ಸಲೀಸಾಗಿರಲಿಲ್ಲ. ಕಾಲೇಜು ತೆರೆದ ವಾರವೇ ಎಚ್ಓಡಿ ಸರ್ ಕರೆಸಿದರು. ವಿದ್ಯಾರ್ಥಿಗಳ ಲಾಗಿನ್ ಮಾಡುವ ಅನುಮತಿಯನ್ನು ಲ್ಯಾಬ್ ಅಟೆಂಡರ್‌ಗೆ ಕೊಟ್ಟಿದ್ದು ಅವರ ಕಿವಿಗೆ ಬಿದ್ದಿತ್ತು.

‘ಏನ್ರೀ, ಅಟೆಂಡರ್‌ಗೆ ಇದೆ, ನನಗಿಲ್ವಂತೆ? ಇಪ್ಪತ್ತು ವರ್ಷದ ಸರ್ವೀಸ್ ನಂದು.’

ಅವರಿಗೆ ನಿಜವಾಗಿ ನೋವಾಗಿತ್ತು. ನಾನು ಎದುರು ಕೂತು ಕೇಳಿದೆ: ‘ಸರ್, ನಿಮ್ಮನೆ ಮದುವೇಲಿ ಉಗ್ರಾಣ ಯಾರು ನೋಡ್ಕೊಂಡ್ರು?’

‘ನಮ್ಮ ಭಾವಮೈದ. ಯಾಕೆ?’

‘ಬೆಲ್ಲ ಬೇಕಾದ್ರೆ ನೀವೂ ಅವ್ರನ್ನೇ ಕೇಳಿ ತಗೊಂಡ್ರಿ ಅಲ್ವಾ ಸರ್? ಮದುವೆ ನಿಮ್ಮದೇ.’

ಅವರು ನಕ್ಕರು, ಆದರೆ ಒಪ್ಪಲಿಲ್ಲ. ಒಪ್ಪಿಸಿದ್ದು ಹಿಂದಿನ ವರ್ಷದ ಪ್ರಕರಣ. ಆ ವಿಚಾರಣಾ ಸಮಿತಿಯಲ್ಲಿ ಅವರೂ ಇದ್ದರು. ನಾಳೆ ಮತ್ತೆ ಯಾರದಾದರೂ ಅಂಕ ಬದಲಾದರೆ, ನನಗೆ ಆ ಕಡತ ತಿದ್ದಲು ಬರುವುದೇ ಇಲ್ಲ ಎಂದು ನೀವು ಒಂದು ವಾಕ್ಯದಲ್ಲಿ ಹೇಳಿ ಎದ್ದು ಬರಬಹುದು ಸರ್ ಎಂದೆ. ಬಹಳ ಹೊತ್ತು ಸುಮ್ಮನಿದ್ದು, ‘ಆ ಹುಡುಗನಿಗೆ ಹೀಗೆ ಹೇಳೋಕೆ ಆಗಲಿಲ್ಲ’ ಎಂದರು. ನೋಡುವ ಗ್ರೂಪಿನಲ್ಲಿ ಅವರ ಹೆಸರಿತ್ತು, ಬರೆಯುವ ಗ್ರೂಪಿನಲ್ಲಿ ಇರಲಿಲ್ಲ. ನಿವೃತ್ತಿಯವರೆಗೂ ಅವರು ಮತ್ತೆ ಕೇಳಲಿಲ್ಲ. ಅಷ್ಟೇ ಅಲ್ಲ, ಉಳಿದ ಡಿಪಾರ್ಟ್‌ಮೆಂಟಿನ ಹಿರಿಯರು ಬೇಸರಪಟ್ಟಾಗ ನನ್ನ ಪರವಾಗಿ ಅವರೇ ಮಾತಾಡಿದರು.

ನಮ್ಮ ಕಚೇರಿಗಳಲ್ಲಿ ಅನುಮತಿಯ ಮಟ್ಟವನ್ನು ಮರ್ಯಾದೆಯ ಮಟ್ಟ ಎಂದು ಓದುತ್ತಾರೆ. ದೊಡ್ಡವರಿಗೆ ದೊಡ್ಡ ಕುರ್ಚಿ, ದೊಡ್ಡ ಟೇಬಲ್ಲು, ಹಾಗೇ ದೊಡ್ಡ ಪಾಸ್‌ವರ್ಡ್. ಈ ಓದು ಬದಲಾಗದೆ ಯಾವ ಸಾಫ್ಟ್‌ವೇರ್ ತಂದರೂ ಪ್ರಯೋಜನವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಟೆಂಡರ್ ಅಣ್ಣನ ವಿಷಯಕ್ಕೆ ಬರುತ್ತೇನೆ. ಅವರು ಎಸ್ಸೆಸ್ಸೆಲ್ಸಿ ಓದಿದ್ದರು, ಕಮ್ಯಾಂಡ್ ಹೊಡೆಯುವುದು ಬರುತ್ತಿರಲಿಲ್ಲ. ಆದರೆ ಅಡ್ಮಿಷನ್ ಸಮಯದಲ್ಲಿ ನೂರಾರು ಮಕ್ಕಳ ಹೆಸರು, ಯುಎಸ್ಎನ್ ನಂಬರು ಒಂದೂ ತಪ್ಪದ ಹಾಗೆ ಬರೆದಿಡುತ್ತಿದ್ದವರು ಅವರೇ. ಅವರಿಗಾಗಿ ವೆಬ್‌ಮಿನ್ ಹಾಕಿದೆ. ಆಸ್ಟ್ರೇಲಿಯಾದ ಜೇಮಿ ಕ್ಯಾಮರಾನ್ 1997ರಲ್ಲಿ ಪರ್ಲ್ ಭಾಷೆಯಲ್ಲಿ ಬರೆದ ತಂತ್ರಾಂಶ ಅದು. ಬ್ರೌಸರಿನಲ್ಲಿ 10000 ಪೋರ್ಟ್ ತೆರೆದರೆ ಸರ್ವರಿನ ಎಲ್ಲ ಕೆಲಸವೂ ಫಾರಂ ತುಂಬುವ ರೂಪದಲ್ಲಿ ಸಿಗುತ್ತದೆ. ಅದರ ಬಳಕೆದಾರರು, ಗ್ರೂಪುಗಳು ಲಿನಕ್ಸಿನವುಗಳಿಂದ ಬೇರೆ. ಯಾವ ಗ್ರೂಪಿಗೆ ಯಾವ ಮಾಡ್ಯೂಲ್ ಎಂದು ಮೊದಲು ಆರಿಸಬೇಕು, ಆಮೇಲೆ ಆ ಮಾಡ್ಯೂಲಿನೊಳಗೆ ಎಷ್ಟು ಎಂದು ಮತ್ತೊಂದು ಪುಟದಲ್ಲಿ ಗೆರೆ ಎಳೆಯಬೇಕು. ಅಟೆಂಡರ್ ಅಣ್ಣ ಲಾಗಿನ್ ಆದರೆ ಪರದೆಯ ಮೇಲೆ ಕಾಣುತ್ತಿದ್ದದ್ದು ಒಂದೇ ಒಂದು ಮಾಡ್ಯೂಲ್. ಅದರಲ್ಲೂ ವಿದ್ಯಾರ್ಥಿಗಳಿಗೆ ಮೀಸಲಿಟ್ಟ ನಂಬರುಗಳ ಒಳಗಿನ ಲಾಗಿನ್‌ಗಳನ್ನು ಮಾತ್ರ ಮುಟ್ಟಬಹುದು, ಹೊಸಬರನ್ನು ವಿದ್ಯಾರ್ಥಿಗಳ ಗ್ರೂಪಿಗೆ ಮಾತ್ರ ಸೇರಿಸಬಹುದು, ಹೋಮ್ ಡೈರೆಕ್ಟರಿ ಇಂಥ ಕಡೆಯೇ ಇರಬೇಕು.

ಈ ಎರಡನೆಯ ಪುಟವನ್ನು ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಮಾಡ್ಯೂಲ್ ಆರಿಸಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ವೆಬ್‌ಮಿನ್ ತಾನು ಓಡುವುದೇ ರೂಟ್ ಆಗಿ. ಮಿತಿ ಹಾಕದೆ ಫೈಲ್ ಮ್ಯಾನೇಜರ್ ಮಾಡ್ಯೂಲ್ ಕೊಟ್ಟರೆ ಇಡೀ ಸರ್ವರನ್ನೇ ಕೊಟ್ಟ ಹಾಗೆ. ಆಯ್ದ ಕಮ್ಯಾಂಡುಗಳನ್ನು ರೂಟ್ ಆಗಿ ಓಡಿಸಲು ಬಿಡುವ ಸುಡೊದಲ್ಲೂ ಇದೇ ಕಥೆ. ಒಂದು ಕಡತ ತಿದ್ದಲಿ ಪಾಪ ಎಂದು ವಿಐ ಎಡಿಟರನ್ನು ರೂಟ್ ಆಗಿ ಓಡಿಸಲು ಬಿಟ್ಟರೆ ಅದರೊಳಗಿಂದಲೇ ಶೆಲ್ ತೆಗೆಯಬಹುದು. ಪಟ್ಟಿಯಲ್ಲಿ ಒಂದೇ ಕಮ್ಯಾಂಡ್ ಕಾಣುತ್ತದೆ, ಕೊಟ್ಟದ್ದು ಮಾತ್ರ ಎಲ್ಲವನ್ನೂ. ಅನುಮತಿ ಕೊಡುವಾಗ ಅದರ ಹೆಸರು ನೋಡಬಾರದು, ಅದನ್ನು ಹಿಡಿದು ಎಲ್ಲಿಯವರೆಗೆ ಹೋಗಬಹುದು ಎಂದು ತಾನೇ ಒಮ್ಮೆ ನಡೆದು ನೋಡಬೇಕು. ಅಟೆಂಡರ್ ಅಣ್ಣನ ಲಾಗಿನ್ನಿನಲ್ಲಿ ನಾನೇ ಕೂತು, ನನ್ನನ್ನು ವ್ಹೀಲ್ ಗ್ರೂಪಿಗೆ ಸೇರಿಸಿಕೊಳ್ಳಲು ಸಾಧ್ಯವೇ ಎಂದು ಎಲ್ಲ ದಿಕ್ಕಿನಿಂದ ಪ್ರಯತ್ನಿಸಿ, ಆಗದು ಎಂದು ಖಾತ್ರಿಯಾದ ಮೇಲೆಯೇ ಅವರ ಕೈಗೆ ಕೊಟ್ಟೆ.

ವ್ಹೀಲ್ ಎಂದೆ; ರೂಟ್ ಆಗಬಲ್ಲವರ ಗ್ರೂಪಿಗೆ ಆ ಹೆಸರು ಬಹಳ ಹಿಂದಿನಿಂದ ಇದೆ. ಗ್ನೂ ಯೋಜನೆಯ ರಿಚರ್ಡ್ ಸ್ಟಾಲ್‌ಮನ್ ಇದನ್ನು ವಿರೋಧಿಸಿದ್ದರು. ಕೆಲವರೇ ಅಧಿಕಾರ ಹಿಡಿದು ಉಳಿದವರ ಮೇಲೆ ದರ್ಬಾರು ಮಾಡಲು ಇದು ದಾರಿ ಎಂದು ಗ್ನೂ ಆವೃತ್ತಿಯ ‘ಸು’ ಕಮ್ಯಾಂಡಿನಲ್ಲಿ ವ್ಹೀಲ್ ಬೆಂಬಲವನ್ನೇ ಕೊಡಲಿಲ್ಲ, ಕಾರಣವನ್ನು ಅದರ ಕೈಪಿಡಿಯಲ್ಲೇ ಬರೆದರು. ಅವರ ತೀರ್ಮಾನ ನನಗೆ ಒಪ್ಪಿಗೆಯಿಲ್ಲ, ಆದರೆ ಅವರ ಭಯ ಸುಳ್ಳಲ್ಲ. ನಮ್ಮಲ್ಲೇ ಗ್ರೂಪುಗಳು ಬಂದ ಮೇಲೆ ಆಡಳಿತ ಮಂಡಳಿಯ ಒಬ್ಬರಿಗೆ ಹೊಸ ಉತ್ಸಾಹ ಬಂತು: ಇಂಟರ್ನಲ್ ಮಾರ್ಕ್ಸನ್ನು ವಿದ್ಯಾರ್ಥಿಗಳು ನೋಡುವುದನ್ನೂ ನಿಲ್ಲಿಸಿಬಿಡಿ, ತಕರಾರೇ ಇರುವುದಿಲ್ಲ ಎಂದರು. ನಾನು ಜಗ್ಗಲಿಲ್ಲ. ಮೊದಲ ಸಲ ಕಳ್ಳತನ ಸಿಕ್ಕಿಬಿದ್ದದ್ದೇ ಒಬ್ಬರು ತಾಳೆ ನೋಡಿದ್ದರಿಂದ. ತಿದ್ದುವವರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ನೋಡುವವರು ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು ಎಂದು ವಾದಿಸಿದೆ. ಕೊನೆಗೆ ಪ್ರತಿ ವಿದ್ಯಾರ್ಥಿಯ ಅಂಕ ಅವರವರ ಹೋಮ್ ಡೈರೆಕ್ಟರಿಯಲ್ಲಿ, ಅವರು ಓದಬಹುದಾದ, ತಿದ್ದಲಾಗದ ಕಡತವಾಗಿ ಬಂದು ಕೂರುವ ಹಾಗೆ ಒಂದು ಸ್ಕ್ರಿಪ್ಟ್ ಬರೆದೆ. ಹೋಮ್ ಡೈರೆಕ್ಟರಿ ಅವರದೇ ಆದ್ದರಿಂದ ಆ ಕಡತವನ್ನು ಅವರು ಅಳಿಸಬಹುದಿತ್ತು, ಆದರೆ ಅದು ಬರೀ ನಕಲು. ಮೂಲ 2770ರ ಒಳಗೆ ಭದ್ರವಾಗಿತ್ತು.

ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವುದು ಇನ್ನೊಂದು ಕಷ್ಟ. ಮಾರ್ಕ್ಸ್ ಏರಿಸಲು ಒಂದು ಸೆಮಿಸ್ಟರ್ ಮಟ್ಟಿಗೆ ಸೇರಿಸಿದವರು ಅಲ್ಲೇ ಉಳಿಯುತ್ತಾರೆ. ಡಿಪಾರ್ಟ್‌ಮೆಂಟ್ ಬದಲಿಸಿದವರು ಹಳೆಯದನ್ನೂ ಹೊಸದನ್ನೂ ಹೊತ್ತು ತಿರುಗುತ್ತಾರೆ. ಗ್ರೂಪ್ ಕಡತ ಬಹಳ ಸರಳ: ಒಂದು ಸಾಲಿಗೆ ಒಂದು ಗ್ರೂಪ್, ಕೋಲನ್ನಿನಿಂದ ಬೇರ್ಪಟ್ಟ ನಾಲ್ಕು ಭಾಗ, ಕೊನೆಯಲ್ಲಿ ಸದಸ್ಯರ ಹೆಸರುಗಳು. ಪ್ರತಿ ಸೆಮಿಸ್ಟರಿನ ಕೊನೆಗೆ ಅದನ್ನು ಪ್ರಿಂಟ್ ತೆಗೆದು ಆಯಾ ಕೆಲಸದ ಹೊಣೆ ಹೊತ್ತವರ ಮುಂದಿಡುತ್ತಿದ್ದೆ. ಅವರು ಪೆನ್ನಿನಿಂದ ಹೊಡೆದು ಹಾಕಿ ಸಹಿ ಮಾಡುತ್ತಿದ್ದರು. ಮಾನಿಟರಿನಲ್ಲಿ ತೋರಿಸಿದರೆ ‘ಇರಲಿ ಬಿಡಿ’ ಎನ್ನುತ್ತಿದ್ದವರು ಕಾಗದದ ಮೇಲೆ ಸಹಿ ಹಾಕಬೇಕು ಎಂದಾಗ ಕನ್ನಡಕ ಹಾಕಿಕೊಂಡು ಓದುತ್ತಿದ್ದರು. ಜೊತೆಗೆ ಕೆಲಸ ಕಲಿಯಲು ಬರುತ್ತಿದ್ದ ಹುಡುಗರಿಗೆ ಎರಡು ವಿಷಯ ಮೊದಲೇ ಹೇಳುತ್ತಿದ್ದೆ. ಯೂಸರ್‌ಮಾಡ್ ಕಮ್ಯಾಂಡಿನಲ್ಲಿ ದೊಡ್ಡ ‘ಜಿ’ ಜೊತೆ ಚಿಕ್ಕ ‘ಎ’ ಹಾಕಲು ಮರೆತರೆ, ಹೊಸ ಗ್ರೂಪಿಗೆ ಸೇರಿಸುವ ಬದಲು ಆ ವ್ಯಕ್ತಿಯನ್ನು ಉಳಿದೆಲ್ಲ ಹೆಚ್ಚುವರಿ ಗ್ರೂಪುಗಳಿಂದ ಹೊರಹಾಕಿದಂತಾಗುತ್ತದೆ. ಹಾಗೆಯೇ ಗ್ರೂಪಿನಿಂದ ತೆಗೆದ ತಕ್ಷಣ ಅನುಮತಿ ಹೋಗುವುದಿಲ್ಲ, ಆಗಲೇ ಲಾಗಿನ್ ಆಗಿ ಕೂತವರಿಗೆ ಅವರು ಹೊರಬಂದು ಮತ್ತೆ ಒಳಹೋಗುವವರೆಗೂ ಹಳೆಯದೇ ನಡೆಯುತ್ತದೆ.

2010ರಲ್ಲಿ ಕಾಲೇಜು ಬಿಟ್ಟು ಬೆಂಗಳೂರಿಗೆ ಹೊರಟೆ. ಕೊನೆಯ ದಿನ ನನ್ನ ಜಾಗಕ್ಕೆ ಬಂದಿದ್ದ ಹುಡುಗನನ್ನು ಕೂರಿಸಿಕೊಂಡು ವ್ಹೀಲ್ ಗ್ರೂಪಿನಿಂದ ನನ್ನ ಹೆಸರು ತೆಗೆಸಿದೆ, ಆಮೇಲೆ ಲಾಗಿನ್ ಅನ್ನೇ ಮುಚ್ಚಿಸಿದೆ. ಅವನಿಗೆ ಭಯ. ‘ಇರ್ಲಿ ಸರ್, ಏನಾದ್ರೂ ಆದ್ರೆ ನೀವೇ ನೋಡ್ಬೇಕಾಗುತ್ತೆ’ ಎಂದ. ಬೇಕಾದಾಗ ಹೊಸದಾಗಿ ಮಾಡಿಕೊಡು, ಎರಡು ನಿಮಿಷದ ಕೆಲಸ ಎಂದೆ.

ಬೆಂಗಳೂರಿನ ಕಂಪನಿಯಲ್ಲಿ ಎಲ್ಲವೂ ಆಕ್ಟಿವ್ ಡೈರೆಕ್ಟರಿ. ಜನರನ್ನು ಗ್ಲೋಬಲ್ ಗ್ರೂಪಿಗೆ ಸೇರಿಸಿ, ಅದನ್ನು ಡೊಮೈನ್ ಲೋಕಲ್ ಗ್ರೂಪಿನೊಳಗೆ ಕೂರಿಸಿ, ಅನುಮತಿಯನ್ನು ಆ ಎರಡನೆಯದಕ್ಕೆ ಕೊಡುವ ಕ್ರಮ. ಸಾವಿರಾರು ಜನರಿಗೆ ಅದು ಬೇಕು. ಆದರೆ ಗ್ರೂಪಿನೊಳಗೆ ಗ್ರೂಪ್, ಅದರೊಳಗೆ ಮತ್ತೊಂದು ಎಂದು ಹೋದಾಗ ಒಬ್ಬ ಮನುಷ್ಯನಿಗೆ ಕೊನೆಗೆ ಏನೇನು ಸಿಕ್ಕಿದೆ ಎಂದು ಹೇಳಲು ಅರ್ಧ ದಿನ ಬೇಕಾಗುತ್ತಿತ್ತು. ಅಲ್ಲಿಯೂ ನಾನು ಸೇರಿದ ಮೊದಲ ತಿಂಗಳು ನೋಟ್‌ಬುಕ್ ಹಿಡಿದು ಮಹಡಿ ಮಹಡಿ ತಿರುಗಿದೆ. ಡೊಮೈನ್ ಅಡ್ಮಿನ್ ಗ್ರೂಪಿನಲ್ಲಿ ಕೆಲಸ ಬಿಟ್ಟು ಹೋದವರ ಹೆಸರುಗಳಿದ್ದವು.

ಕೆಲವು ತಿಂಗಳ ಮೇಲೆ ಕಾಲೇಜಿನ ಹುಡುಗ ಫೋನ್ ಮಾಡಿದ. ಡಿಸ್ಕ್ ಬದಲಿಸಿದ ಮೇಲೆ ಸಾಂಬಾ ಫೋಲ್ಡರುಗಳು ತೆರೆಯುತ್ತಿಲ್ಲ, ಪರೀಕ್ಷೆ ಹತ್ತಿರ ಬಂದಿದೆ ಎಂದ. ನನಗೊಂದು ಲಾಗಿನ್ ಮಾಡಿಕೊಟ್ಟ, ಯಾವ ಗ್ರೂಪು, ಎಷ್ಟು ದಿನ ಎಂದು ರಿಜಿಸ್ಟರಿನಲ್ಲಿ ಬರೆದು ಪ್ರಿನ್ಸಿಪಾಲರ ಸಹಿ ಪಡೆದಿದ್ದ. ನಕಲು ಮಾಡುವಾಗ ಆ ಮುಂದಿನ 2 ಬಿದ್ದುಹೋಗಿತ್ತು, ಗ್ರೂಪುಗಳೂ ಕಳಚಿದ್ದವು. ರಾತ್ರಿ ಕೂತು ಇಬ್ಬರೂ ಸರಿಪಡಿಸಿದೆವು. ಮಾರನೆಯ ಬೆಳಗ್ಗೆ ಅವನೇ ಮತ್ತೆ ಫೋನ್ ಮಾಡಿ, ‘ಸರ್, ನಿಮ್ಮ ಲಾಗಿನ್ ತೆಗ್ದಿದೀನಿ’ ಎಂದ. ಒಮ್ಮೆ ಪ್ರಯತ್ನಿಸಿ ನೋಡಿದೆ. ತೆಗೆದಿದ್ದ.